ಕೀಲೆಣ್ಣೆಯೂ ಮೋಟಾರಿನ ಬ್ರೇಕೂ

ಕಮತಗಿ ಸೀಮೆಯ ಒಕ್ಕಲಿಗನಿಗೆ ಬಂಡಿಯ ಕೀಲೆಣ್ಣೆಯ ಮಹತ್ವವನ್ನು ಹೇಳಬೇಕಾದುದಿಲ್ಲ. ಆದರೆ ಮೋಟಾರುಗಾಡಿಯ ಬ್ರೇಕಿಗೆ ಕೈಗೆ ಸಿಕ್ಕಿದ ಎಣ್ಣೆಯನ್ನು ಹಚ್ಚುವುದು ಪ್ರಾಣಾಪಾಯಕರವು. ಬ್ರೇಕು ಹಿಡಿಯುವುದೇ ತಿಕ್ಕಾಟದಿಂದ. ಆದುದರಿಂದ ಪ್ಯಾಡು, ಡಿಸ್ಕುಗಳ ಮೇಲ್ಮೈಗೆ ಜಿಡ್ಡು ತಾಗಲೇಕೂಡದು. ಜಿಡ್ಡು ಬೇಕಾದುದು ಕ್ಯಾಲಿಪರನ್ನು ಸರಿದಾಡಗೊಡುವ ಕಡ್ಡಿಗಳಿಗೆ. ಇವು ಬಿಗಿದುಕೊಂಡರೆ ಪ್ಯಾಡುಗಳು ಸಮನಾಗಿ ಸವೆಯವು; ಗಾಡಿಯು ಒಂದು ಬದಿಗೆ ಎಳೆಯಲೂಬಹುದು.

ಇಲ್ಲಿ ರಬ್ಬರಿನ ಸಂಗಡ ವ್ಯವಹಾರವಿರುವುದರಿಂದ ಖನಿಜತೈಲದ ಗ್ರೀಸು ಸಲ್ಲದು; ಅದನ್ನು ಹೀರಿ ರಬ್ಬರು ಉಬ್ಬುವುದು, ಕಡ್ಡಿಯು ಸಿಕ್ಕಿಕೊಳ್ಳುವುದು. ಬಿಸಿಯನ್ನು ತಾಳುವ ಸಿಲಿಕೋನ್ ಗ್ರೀಸೇ ಯೋಗ್ಯ, ಅದೂ ತೆಳುವಾಗಿ. ಮೊದಮೊದಲಿನ ಹೈಡ್ರಾಲಿಕ್ ಬ್ರೇಕುಗಳಲ್ಲಿ ನಮ್ಮ ಔಡಲೆಣ್ಣೆಯನ್ನೇ ಆಲ್ಕೊಹಾಲಿನೊಡನೆ ಬೆರೆಸಿ ತುಂಬುತ್ತಿದ್ದರು; ಅದು ಅಂದಿನ ರಬ್ಬರನ್ನು ಕೆಡಿಸುತ್ತಿರಲಿಲ್ಲ. ಇಂದಿನ ಗಾಡಿಗೆ ಅದನ್ನು ಹೊಯ್ಯಬಾರದೆಂದು ಬೇರೆ ಹೇಳಬೇಕೆ? ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ಓದಿಕೊಂಡೇ ಅಂಗಡಿಗೆ ಹೋಗತಕ್ಕದ್ದು.