ಹಿತ್ತಾಳೆ ಕಾಡತೂಸು, ಉಕ್ಕಿನ ಕಾಡತೂಸು
ಗುಂಡು ಹಾರಿತು. ಕೆಳಗೆ ಬಿದ್ದ ಖಾಲಿ ಕಾಡತೂಸನ್ನು ಅಮೆರಿಕದ ಎಷ್ಟೋ ಗುರಿಕಾರರು ಹೆಕ್ಕಿಕೊಂಡು ಮತ್ತೆ ಮದ್ದು ತುಂಬುತ್ತಾರೆ. ಅದೂ ಸಾಮಾನ್ಯವಾಗಿ ಹಿತ್ತಾಳೆಯದಾದರೆ ಮಾತ್ರ.

ಯಾಕೆ?

ಈ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಅದು ಉಬ್ಬಿ ಬಂದೂಕಿನ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ಸೋರಲು ಬಿಡುವುದಿಲ್ಲ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಬಳಸಿ ಬಳಸಿ ಕಾಡತೂಸಿನ ಕುತ್ತಿಗೆ ಗಡುಸಾದರೆ ಹದವಾಗಿ ಕಾಯಿಸಿ ಮೆದುಗೊಳಿಸಬಹುದು. ಎಂಥ ಸಹನೆಯ ಲೋಹ!

ಉಕ್ಕು ಅಷ್ಟು ಕುಗ್ಗುವುದಿಲ್ಲ. ತುಕ್ಕಿನ ಭಯ ಬೇರೆ. ಅದಕ್ಕೇ ಮೆರುಗೆಣ್ಣೆಯ ಇಲ್ಲವೇ ಪಾಲಿಮರ್ ಲೇಪ. ಸೋವಿಯತ್ 7.62×39 ಕಾಡತೂಸಿನ ಮೈ ತುದಿಯತ್ತ ಕಿರಿದಾಗುತ್ತ ಹೋಗುವುದರಿಂದ ಉಕ್ಕಿನದಾದರೂ ಸುಲಭವಾಗಿ ಕಳಚುತ್ತದೆ.

ಆದರೆ ಮರುತುಂಬುವವರಿಗೆ ದೊಡ್ಡ ತೊಡಕು ಲೋಹವಲ್ಲ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್. ಬಾಕ್ಸರ್ ಮಾದರಿಯಲ್ಲಿ ನಡುವೆ ಒಂದೇ ತೂತು. ಒಳಗಿನಿಂದ ಕಡ್ಡಿ ತೂರಿಸಿ ಹಳೆಯ ಪ್ರೈಮರನ್ನು ತಳ್ಳಿಬಿಡಬಹುದು. ಉಕ್ಕಿನ ಕಾಡತೂಸುಗಳಲ್ಲಿ ಹೆಚ್ಚಾಗಿ ಕಾಣುವ ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಕಿರುತೂತು, ನಡುವೆ ಗಟ್ಟಿ ಲೋಹ. ಆ ಕಡ್ಡಿ ಅಲ್ಲಿ ಮುರಿಯುತ್ತದೆ.

ಉಕ್ಕಿನವೆಲ್ಲ ಹಾಗಲ್ಲ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸಲು ಅಮೆರಿಕದ ಇವಾನ್ಸ್‌ವಿಲ್‌ನ ಕ್ರೈಸ್ಲರ್ ಕಾರ್ಖಾನೆ .45 ಪಿಸ್ತೂಲಿಗೆ ಉಕ್ಕಿನ ಕಾಡತೂಸುಗಳನ್ನು ತಯಾರಿಸಿತು. ಅವುಗಳಲ್ಲಿ ಇದ್ದದ್ದು ಬಾಕ್ಸರ್ ಪ್ರೈಮರ್. ಗುರಿಕಾರರು ಅವನ್ನೂ ಮರುತುಂಬಿದರು.