ನಿಮಗಿದು ಗೊತ್ತೆ? ಗಂಧದೆಣ್ಣೆಯ ಜೀವಾಳ ಸ್ಯಾಂಟಲಾಲ್

ಮೊದಲನೆಯ ಮಹಾಯುದ್ಧದ ದೆಸೆಯಿಂದ ಮೈಸೂರು ಸೀಮೆಯ ಶ್ರೀಗಂಧದ ಕೊರಡುಗಳು ಜರ್ಮನಿಗೆ ಸಾಗಲಾರದೆ ಉಳಿದಾಗ, ನಮ್ಮ ಬೆಂಗಳೂರಿನ ಸಂಜಯನಗರಕ್ಕೆ ಅನತಿದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಆ ಕಾಷ್ಠದಿಂದ ತೈಲವಿಳಿಸುವ ವಿಧಾನವನ್ನು ರೂಪಿಸಿಕೊಟ್ಟ ಕಾರಣ, 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆಯ ಉತ್ಪಾದನೆ ಮೊದಲಾಯಿತು.

ಆ ತೈಲದ ಬಹುಭಾಗವು ಸ್ಯಾಂಟಲಾಲ್ ಎಂಬ ದ್ರವ್ಯ. ಮರದ ಹೊರಪದರದ ಬಿಳಿಯ ಭಾಗದಲ್ಲಿ ಪರಿಮಳವೇ ಇಲ್ಲ. ಸ್ಯಾಂಟಲಾಲ್ ಸಂಚಯವಾಗುವುದು ಕಂದುಬಣ್ಣದ ಚೇಗಿನಲ್ಲಿಯೂ ಬೇರಿನಲ್ಲಿಯೂ. ಅಣುವೊಂದರಲ್ಲಿ 15 ಇಂಗಾಲದ ಪರಮಾಣುಗಳನ್ನು ಹೊತ್ತ ಈ ಗುರುದ್ರವ್ಯವು ಮಂದಗತಿಯಿಂದ ಆವಿಯಾಗುವುದರಿಂದಲೇ, ಮುಂಜಾನೆ ಅಂಗಿಯ ತೋಳಿಗೆ ತಾಕಿದ ಹನಿಯೊಂದು ರಾತ್ರಿ ಅಂಗಿ ಕಳಚುವಾಗಲೂ ಘಮಘಮಿಸುತ್ತದೆ. ಮಲ್ಲಿಗೆ, ಗುಲಾಬಿಗಳ ಚಂಚಲ ಸೌರಭವನ್ನು ಹಿಡಿದು ನಿಲ್ಲಿಸಲು ಅತ್ತರುಗಾರರು ಇದನ್ನೇ ಆಶ್ರಯಿಸಿದ್ದಾರೆ.

ಸಾಮಾನ್ಯವಾಗಿ ಸೌಮ್ಯವೆನಿಸಿದರೂ, ಅಪ್ಪಟ ತೈಲವನ್ನು ನೇರವಾಗಿ ಸವರಿಕೊಂಡರೆ ಕೆಲವರಿಗೆ ತುರಿಕೆಯೂ ದದ್ದೂ ಉಂಟಾಗುವುವು. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎರಡು ಪಾಲು ಮೀರದಂತೆ ಬೆರೆಸಿ, ಮೊದಲು ಮುಂಗೈಯಲ್ಲಿ ಪರೀಕ್ಷಿಸುವುದು ಲೇಸು. ಸೇವಿಸುವುದಂತೂ ಸಲ್ಲದು, ಸೀಸೆ ಮಕ್ಕಳ ಕೈಗೆಟುಕಬಾರದು. ಇನ್ನು ತೀರ ಅಗ್ಗದ ಸೀಸೆಯಲ್ಲಿ, ಹೆಸರಿಗೆ ಗಂಧವಾದರೂ, ಹರಳೆಣ್ಣೆಯೇ ಇದ್ದೀತು!