ಗುಣವಾದಂತೆ ಕಾಣುವವರ ಕಷ್ಟ

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಮಂದಿ ಮೃತಪಟ್ಟರು, 4.43 ಲಕ್ಷ ಮಂದಿ ಗಾಯಗೊಂಡರು. ತಲೆಗೆ ಪೆಟ್ಟಾಗಿ ಬದುಕುಳಿದವರ ಮುಂದಿನ ಬಾಳು ಹೇಗಿದೆಯೆಂಬುದು ಈ ಅಂಕಿಗಳಲ್ಲಿ ಸಿಗುವುದಿಲ್ಲ.

ಹೊಲಿಗೆ ಬಿಚ್ಚಿ, ನಡಿಗೆ ಸರಿಯಾದೊಡನೆ ಗುಣವಾಯಿತೆಂದು ನಾವು ತೀರ್ಮಾನಿಸುತ್ತೇವೆ. ಆದರೆ ಮಿದುಳಿನ ಮುಂಭಾಗ ಘಾಸಿಗೊಂಡವರಲ್ಲಿ ಯೋಜಿಸುವ, ತಾವಾಗಿ ಕೆಲಸ ಆರಂಭಿಸುವ, ಸಿಟ್ಟು ತಡೆಯುವ ಶಕ್ತಿ ಕುಂದಬಹುದು. ಹಳೆಯದೆಲ್ಲ ನೆನಪಿದ್ದರೂ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆಯಬಹುದು. ಮನೆಯವರಿಗೆ ಅದು ಸೋಮಾರಿತನವಾಗಿಯೂ ಕಚೇರಿಗೆ ಉದ್ಧಟತನವಾಗಿಯೂ ಕಾಣುತ್ತದೆ.

ಇಂಥ ಗುಮಾಸ್ತರೊಬ್ಬರನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ಹಳೆಯ ಸುತ್ತೋಲೆಗಳ ದಿನಾಂಕವನ್ನೂ ತಪ್ಪದೆ ಹೇಳುತ್ತಿದ್ದವರು, ಸ್ಕೂಟರ್ ಅಪಘಾತದ ನಂತರ ಎರಡು ಕಡತಗಳು ಒಟ್ಟಿಗೆ ಬಂದರೆ ತಬ್ಬಿಬ್ಬಾಗುತ್ತಿದ್ದರು. ಕಾರಣ ಕೇಳುವ ನೋಟಿಸು ಸಿದ್ಧವಾಗಿತ್ತು. ಅದನ್ನು ಬದಿಗಿಟ್ಟು, ಒಂದು ಸಲಕ್ಕೆ ಒಂದೇ ಕಡತ, ಬರಹದಲ್ಲಿ ಸೂಚನೆ, ಗದ್ದಲವಿಲ್ಲದ ಮೂಲೆಯಲ್ಲಿ ಮೇಜು ಎಂಬ ಏರ್ಪಾಡು ಮಾಡಿದೆವು. ನಿಧಾನವಾಗಿಯಾದರೂ ಕೆಲಸ ಸಾಗಿತು. ಬೊಕ್ಕಸಕ್ಕೆ ಬಿಡಿಗಾಸೂ ಖರ್ಚಾಗಲಿಲ್ಲ.

ಮನೆಗೂ ಇದೇ ಸೂತ್ರ. ದಿನಚರಿ ಸ್ಥಿರವಾಗಿರಲಿ, ಔಷಧಿ, ಬೀಗದಕೈಗಳಿಗೆ ಗೊತ್ತಾದ ಜಾಗವಿರಲಿ, ಕಿಸೆಯಲ್ಲೊಂದು ಟಿಪ್ಪಣಿ ಪುಸ್ತಕವಿರಲಿ. ‘ಆಗಲೇ ಹೇಳಿದ್ದೆನಲ್ಲ’ ಎಂಬ ಮೂದಲಿಕೆಯಿಂದ ಮರೆತದ್ದು ಮರಳದು. ಬೇಗ ದಣಿಯುವ ಮಿದುಳಿಗೆ ನಡುನಡುವೆ ವಿಶ್ರಾಂತಿ ಬೇಕು. ಹಾಗೆಂದು ಎಲ್ಲವನ್ನೂ ನಾವೇ ಮಾಡಿಕೊಡುವುದೂ ನೆರವಲ್ಲ; ಹೆಜ್ಜೆ ಹೆಜ್ಜೆಯಾಗಿ ಅವರಿಂದಲೇ ಮಾಡಿಸಬೇಕು.

ಕಾನೂನಿನ ಆಸರೆ ಅರ್ಧಂಬರ್ಧವಾಗಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೊಳಗಾದ ಸರ್ಕಾರಿ ನೌಕರರನ್ನು ವಜಾ ಮಾಡುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ. ಬೈಕಿನಲ್ಲಿ ಊಟ ತಲುಪಿಸುವ ಯುವಕನಿಗೆ ಈ ರಕ್ಷಣೆಯಿಲ್ಲ. ಕಾಯ್ದೆ ಪಟ್ಟಿಮಾಡಿರುವ 21 ಅಂಗವೈಕಲ್ಯಗಳಲ್ಲಿ ಮಿದುಳಿನ ಗಾಯಕ್ಕೆ ಪ್ರತ್ಯೇಕ ಹೆಸರೂ ಇಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆಂದು 2025ರಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆ ಗರಿಷ್ಠ 1.5 ಲಕ್ಷ ರೂಪಾಯಿಗೆ, ಏಳು ದಿನಗಳಿಗೆ ಸೀಮಿತ. ಪುನಶ್ಚೇತನಕ್ಕೋ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಆ ಅಂತರವನ್ನು ಬಹುಮಟ್ಟಿಗೆ ತುಂಬುತ್ತಿರುವವರು ದುಡಿಮೆ ಬಿಟ್ಟು ಆರೈಕೆಗೆ ನಿಂತ ಹೆಂಡತಿ, ತಾಯಂದಿರು. ಅವರ ಶ್ರಮ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವಂಥ ಪುನಶ್ಚೇತನ ಸೇವೆ ಜಿಲ್ಲಾಸ್ಪತ್ರೆಗಳಿಗೂ ವಿಸ್ತರಿಸಬೇಕು. ಅಲ್ಲಿಯವರೆಗೆ, ಗಾಯಾಳುವನ್ನು ಮನೆಗೆ ಕಳುಹಿಸುವಾಗ ಮುಂದೆ ಕಾಣಬಹುದಾದ ಬದಲಾವಣೆಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನಾದರೂ ಆಸ್ಪತ್ರೆಗಳು ಕೈಗಿಡಲಿ.